ಹನ್ನೆರಡು ಜನರ ಡೇರೆ

ಉದಗೀರ
೬ ನವೆಂಬರ್ ೨೦೨೪

ವೈಜನಾಥ,

ಆಶೀರ್ವಾದ, ಕುಶಲ, ಇತ್ತ ಕ್ಷೇಮ ಅತ್ತ ಕ್ಷೇಮ ಎಲ್ಲ ನೀನೇ ಬರೆದುಕೊ. ನನಗೆ ಅಷ್ಟು ಪುರುಸೊತ್ತಿಲ್ಲ.

ನಿನ್ನ ಕಾಗದ ಪಾಡ್ಯದ ಮರುದಿನ ತಲುಪಿತು. ಉಮರ್ಗಾ ಬಸ್ಸಿನ ಕಂಡಕ್ಟರ್ ಸ್ವಪ್ನಾಲಿ ಬಾಗಿಲಿಗೇ ಬಂದು, "ಮಾವಶಿ, ನಿಮ್ಮ ತಮ್ಮ ಕೊಟ್ಟಾರ. ನಿಮ್ಮ ಕೈಯಾಗೇ ಕೊಡು ಅಂದಾರ" ಎಂದಳು. ಹನ್ನೊಂದು ವರ್ಷಕ್ಕೆ ಒಂದು ಕಾಗದ. ಅದರಲ್ಲಿ ಅಕ್ಕ ಬದುಕಿದ್ದಾಳೋ ಸತ್ತಿದ್ದಾಳೋ ಎಂಬುದಕ್ಕೆ ಒಂದು ಸಾಲು, ಡೇರೆಗೆ ಎರಡು ಪುಟ, ಜೊತೆಗೆ ಡೇರೆಯ ಬಣ್ಣದ ಚಿತ್ರ. ಭೇಷ್!

ಚಿತ್ರ ನೋಡಿದೆ. ನೀಲಿ ಬಟ್ಟೆ, ಕೇಸರಿ ಅಂಚು, ಮುಂದೆ ಯಾವುದೋ ದೇಶದ ಗಂಡ ಹೆಂಡತಿ, ಮೂರು ಮಕ್ಕಳು, ಎಲ್ಲರ ಹಲ್ಲೂ ಹೊರಗೆ. ಕೆಳಗೆ ಹತ್ತು ಜನರ ಕುಟುಂಬಕ್ಕೆ ಎಂದು ಅಚ್ಚಾಗಿದೆ. ಚಿತ್ರದಲ್ಲಿರುವುದು ಐದೇ ಜನ. ಮಿಕ್ಕ ಐದು ಜನ ಎಲ್ಲಿ ಹೋದರೋ, ಉಸಿರುಗಟ್ಟಿ ಸತ್ತರೋ, ಬಟ್ಟೆ ವ್ಯಾಪಾರಿಯಾದ ನಿನಗೆ ಕೇಳಬೇಕು ಅನ್ನಿಸಲಿಲ್ಲ. ಎಳ್ಳಮಾಸಿ ಹಬ್ಬಕ್ಕೆ ನಮ್ಮ ಕಾಸಾರಶಿರಸಿ ಹೊಲದಲ್ಲಿ ಜೋಳದ ಕಣಿಕೆಯ ಕೊಪಿ ಹಾಕುವ ಬದಲು ಇದನ್ನು ನಿಲ್ಲಿಸುತ್ತೀಯಂತೆ. ಅಜ್ಜನ ಕಾಲದಿಂದ ಆ ಗುಡಿಸಲಿನ ಮೊದಲ ಕಣಿಕೆ ನೆಡುವವಳು ಮನೆಯ ಹಿರಿಯ ಮಗಳು, ಆದ್ದರಿಂದ ನೀನು ಹ್ಞೂಂ ಅಂದರೆ ತರಿಸುತ್ತೇನೆ ಎಂದಿದ್ದೀಯ. ಹಿರಿಯ ಮಗಳು ಈಗ ನೆನಪಾದಳು. ಇಷ್ಟು ವರ್ಷ ಆ ಮೊದಲ ಕಣಿಕೆ ಯಾರು ನೆಟ್ಟರು, ಹೋಗಲಿ ಬಿಡು.

"ನಿನ್ನ ಜೋಡಿ ಈ ಬಾಯಿಲೆ ಮಾತಾಡಂಗಿಲ್ಲ" ಎಂದು ಅದೇ ಹೊಲದಲ್ಲಿ ವಿಭೂತಿ ಮುಟ್ಟಿ ಹೇಳಿದ್ದೆ. ಆ ಮಾತು ಇಂದಿಗೂ ನಡೆಸುತ್ತೇನೆ. ಬರೆಯುವುದು ಕೈ, ಬಾಯಿಯಲ್ಲ. ನಾವಿಬ್ಬರೂ ಬಸವಕಲ್ಯಾಣದ ಅಜ್ಜನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು. ನನ್ನ ಪಂಕಜ ಮರಾಠಿ ಶಾಲೆಯವನು. ಕನ್ನಡ ಮಾತಾಡುತ್ತಾನೆ, ಅಕ್ಷರ ನೋಡಿದರೆ ಜಿಲೇಬಿ ಅನ್ನುತ್ತಾನೆ. ಕಾಗದ ಮೇಜಿನ ಮೇಲೆ ಬಿಟ್ಟರೂ ಭಯವಿಲ್ಲ. ನಿನ್ನ ಮನೆಯಲ್ಲೂ ಅದೇ ಗತಿ ಇರಬೇಕು.

ಅಕ್ಷರ ನಿನ್ನದಲ್ಲ. ಕಣ್ಣಿಗೆ ಮೋತಿಬಿಂದು ಬಂದಿದೆ, ಪೊರೆ ಕಟ್ಟಿದೆ, ಬೇರೆಯವರ ಕೈಲಿ ಬರೆಸಿದ್ದೇನೆ ಎಂದಿದ್ದೀಯ. ಅಂಗಡಿಯ ಗುಮಾಸ್ತನಿರಬೇಕು. ದುಂಡಗೆ, ಛಂದ ಬರೆಯುತ್ತಾನೆ. ನಿನ್ನ ಅಂಗಡಿಯಲ್ಲಿ ಒಬ್ಬನಾದರೂ ಕಲಿತವನಿದ್ದಾನಲ್ಲ.

ಈ ಡೇರೆಯ ಉಪಾಯ ನಿನ್ನದಲ್ಲ ಎಂದು ನನಗೆ ಗೊತ್ತು. ನಿನಗೆ ಉಪಾಯ ಹೊಳೆಯುವುದಿಲ್ಲ. ನಿನ್ನ ಮಗ ಬಸವೇಶ್ವರನಿಗೆ ಭಾಲ್ಕಿಯಿಂದ ತಂದಿದ್ದೀಯಲ್ಲ ಸೊಸೆ, ಆ ಶಿವಾನಿ, ಅವಳದೇ ಇದು. ಮದುವೆಗೆ ನಾನು ಬರಲಿಲ್ಲ, ಫೋಟೋ ನೋಡಿದ್ದೇನೆ. ಅಕ್ಕಿ ಬೀಳುವಾಗಲೂ ಕನ್ನಡಕ ತೆಗೆದಿಲ್ಲ, ಯಾರೋ ಪರೀಕ್ಷೆ ಬರೆಯಲು ಕೂತ ಹಾಗೆ ಮುಖ. ಅಂಥವಳಿಗೆ ಕೊಪಿ ಯಾಕೆ ಬೇಕು?

ಆ ಹತ್ತು ಜನ ಯಾರು, ಹೆಸರು ಬರೆ. ಆಮೇಲೆ ನೋಡೋಣ.

ಕಲ್ಯಾಣಮ್ಮ


ಉಮರ್ಗಾ
೧೪ ನವೆಂಬರ್ ೨೦೨೪

ಅಕ್ಕನಿಗೆ ವೈಜನಾಥನ ಶರಣಾರ್ಥಿ.

ನೀನು ಬೈದು ಬರೆದದ್ದು ಕೇಳಿ ಸಂತೋಷವಾಯಿತು. ಬಯ್ಯದಿದ್ದರೆ ಹೆದರಿಕೆಯಾಗುತ್ತಿತ್ತು.

ಕೊಪಿ ಬೇಡ ಎಂದು ನಾನಾಗಿ ಹೇಳಲಿಲ್ಲ ಅಕ್ಕಾ. ಕಣಿಕೆ ಎಲ್ಲಿಂದ ತರಲಿ? ನಮ್ಮ ಹೊಲದಲ್ಲಿ ಜೋಳ ಬಿತ್ತಿ ಆರು ವರ್ಷವಾಯಿತು. ನಿಲಂಗಾದಿಂದ ಔರಾದ ಶಹಾಜನಿವರೆಗೆ ಎಲ್ಲಿ ನೋಡಿದರೂ ಸೋಯಾಬೀನು. ಹೋದ ವರ್ಷ ಹೊಲ ಮಾಡುವ ರಂಭಾಬಾಯಿ ಎಲ್ಲಿಂದಲೋ ನಾಲ್ಕು ಹೊರೆ ತಂದಳು, ಸಾಲದ್ದಕ್ಕೆ ಎರಡು ಹಳೆಯ ಸೀರೆ ಸುತ್ತಿದಳು. ನೈವೇದ್ಯ ಮಾಡುವಷ್ಟರಲ್ಲಿ ಒಂದು ಮೇಕೆ ಹಿಂದಿನ ಗೋಡೆ ತಿಂದಿತ್ತು. ಬಿಸಿಲು ನೇರ ಪಾಂಡವರ ಮೇಲೆ. ಪಾಂಡವರೆಂದು ಪೂಜಿಸುವ ಐದು ಕಲ್ಲಿಗೆ ಹಚ್ಚಿದ ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು, ನಾವು ಬೆವರುತ್ತಿದ್ದೆವು. ಆಗಲೇ ಸೊಸೆ ಅಂದಳು, "ಮಾವಾ, ಒಂದು ಡೇರೆ ತರೂನು. ವರ್ಷಾ ಬರತದ." ನನಗೂ ಸರಿ ಅನ್ನಿಸಿತು.

ಮನೆಯವರು ಏಳು ಜನ. ನಾನು, ಬಸವೇಶ್ವರ, ಅವನ ಹೆಂಡತಿ, ನೀಲೇಶ, ಅವನ ಹೆಂಡತಿ ಪ್ರಾಜಕ್ತಾ, ಅವರ ಇಬ್ಬರು ಮಕ್ಕಳು. ರಂಭಾಬಾಯಿ ಗಂಡ ಹೆಂಡತಿ ಸೇರಿ ಒಂಬತ್ತು. ಹತ್ತನೆಯವಳು ನೀನು.

ಬಾ ಎಂದು ಮೊದಲ ಕಾಗದದಲ್ಲೇ ಬರೆಸಬೇಕಿತ್ತು, ಧೈರ್ಯ ಬರಲಿಲ್ಲ. ನನ್ನಾಕೆ ಶಕುಂತಲಾ ತೀರಿಕೊಂಡು ಎರಡು ವರ್ಷವಾಯಿತು. ನೀನು ಮಣ್ಣಿಗೂ ಬರಲಿಲ್ಲ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಈ ಎಳ್ಳಮಾಸಿಗೆ ನೀನು ಬರಲೇಬೇಕು. ಡಿಸೆಂಬರ್ ಮೂವತ್ತು, ಸೋಮವಾರ. ಬೆಳಗಿನ ಬಸ್ಸಿಗೆ ಹೊರಟರೆ ಹೊತ್ತೇರುವುದರೊಳಗೆ ಕಾಸಾರಶಿರಸಿ ಮುಟ್ಟುತ್ತೀ.

ಡೇರೆಗೆ ನಾಲ್ಕೂ ಕಡೆ ದಪ್ಪ ಬಟ್ಟೆಯ ಗೋಡೆ, ಬಾಗಿಲಿಗೆ ಜಿಪ್ ಇದೆ. ಎಳೆದುಕೊಂಡರೆ ಒಳಗಿನದು ಹೊರಗೆ ಒಂದಿಷ್ಟೂ ಕಾಣುವುದಿಲ್ಲ. ಅದು ಬಹಳ ಒಳ್ಳೆಯದು.

ಬರೆದವರೂ ನಮಸ್ಕಾರ ತಿಳಿಸಿದ್ದಾರೆ.

ನಿನ್ನ ತಮ್ಮ
ವೈಜನಾಥ


ಉದಗೀರ
೨೩ ನವೆಂಬರ್ ೨೦೨೪

ವೈಜನಾಥ,

ನೀನು ಹೇಳಿದ್ದನ್ನು ನಂಬಿ ಹ್ಞೂಂ ಅನ್ನುವ ಕಾಲ ಹೋಯಿತು. ಪಂಕಜನನ್ನು ಕರೆದುಕೊಂಡು ಲಾತೂರಿಗೆ ಹೋಗಿ ನಾನೇ ಡೇರೆ ನೋಡಿ ಬಂದೆ. "ಅವ್ವಾ, ಹೋಗೋದಿಲ್ಲ ಅಂತಿ, ಡೇರೆ ನೋಡ್ಲಿಕ್ಕೆ ಯಾಕ ಬರ್ತಿ?" ಎಂದು ದಾರಿಯುದ್ದಕ್ಕೂ ತಲೆ ತಿಂದ. ನೋಡದೆ ಬಯ್ಯುವ ಚಟ ನನಗಿಲ್ಲ.

ಅಂಗಡಿಯವನು ಹತ್ತು ಜನರದ್ದು ಎಂದು ಒಂದನ್ನು ನೆಲದ ಮೇಲೆ ನಿಲ್ಲಿಸಿದ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿಕೊಂಡೆ. ಹೌದು, ಅಂಗಡಿಯಲ್ಲೇ, ನಾಲ್ಕು ಜನರ ಮುಂದೆ. ಅರವತ್ತಾರು ವರ್ಷಕ್ಕೆ ನಾಚಿಕೆ ಎಂಥದು? ಪಂಕಜನನ್ನೂ ಪಕ್ಕಕ್ಕೆ ಮಲಗಿಸಿದೆ, ಅಂಗಡಿಯ ಇಬ್ಬರು ಕೆಲಸದವರನ್ನೂ ಮಲಗಿಸಿದೆ. ನಾಲ್ವರಿಗೆ ಅರ್ಧ ಡೇರೆ ಮುಗಿಯಿತು. "ಆಜೀ, ದಹಾ ಮಾಣಸಂ ಆರಾಮಾತ ಝೋಪತಾತ" ಅಂದ. ಹತ್ತು ಜನ ಆರಾಮಾಗಿ ಮಲಗುತ್ತಾರಂತೆ. ನಾನು ಅಂದೆ, "ತುಲಾ ದಹಾ ಜಣ ಸಾಪಡಲೇ ಕಾ ಕಧೀ? ಅಂಥಾ ಹತ್ತು ಮಂದಿ ನಿನಗ ಎಂದಾದ್ರೂ ಸಿಕ್ಕಾರೇನು? ಎಲ್ಲಾರೂ ಮಗ್ಗಲಾಗಿ ಮಲಗಿ, ರಾತ್ರಿ ಪೂರಾ ಉಸಿರು ಹಿಡೀಬೇಕೇನು?" ಈ ಹತ್ತು ಎಂಬುದು ಹೆಣಗಳ ಲೆಕ್ಕ. ಬಾಳೆಎಲೆ ಹಾಕಿ ಊಟಕ್ಕೆ ಕೂಡುವ ಲೆಕ್ಕವಾದರೆ ಆರು ಜನ, ಅದೂ ಯಾರೂ ಭಜ್ಜಿ ಎರಡನೇ ಸಲ ಕೇಳದಿದ್ದರೆ. ನಿನಗೆ ಹನ್ನೆರಡರದ್ದು ಬೇಕು.

ಎತ್ತರ ನೋಡಿದೆ. ನಡುವೆ ಮಾತ್ರ ನಾನು ನಿಲ್ಲಬಲ್ಲೆ. ನೀನು ಆರಡಿ, ನಮಸ್ಕಾರ ಮಾಡುತ್ತಲೇ ಇರಬೇಕು. ಅದು ನಿನಗೆ ಅಭ್ಯಾಸವಿದೆ ಬಿಡು. ಕೆಳಗೆ ಪ್ಲಾಸ್ಟಿಕ್ಕಿನ ನೆಲ, ಗೋಡೆಗೆ ಸೇರಿಸಿ ಹೊಲಿದುಬಿಟ್ಟಿದ್ದಾರೆ. ಪಾಂಡವರನ್ನು ಪ್ಲಾಸ್ಟಿಕ್ಕಿನ ಮೇಲೆ ಕೂರಿಸುತ್ತೀಯಾ? ಅಂಬಲಿ ಭೂಮಿಗೆ ಸುರಿಯಬೇಕು, ಇಲ್ಲಿ ಸುರಿದರೆ ಹರಿದು ಪ್ರಾಜಕ್ತಾಳ ಸೀರೆಗೆ ಹೋಗುತ್ತದೆ. ಇನ್ನು ಗೂಟ! ಅಯ್ಯ ನನ್ನಪ್ಪಾ, ಬೆರಳುದ್ದ. ಡಿಸೆಂಬರಿನಲ್ಲಿ ನಮ್ಮ ಕಪ್ಪು ನೆಲದ ಬಿರುಕಿನಲ್ಲಿ ಕೈ ಮೊಣಕೈವರೆಗೆ ಹೋಗುತ್ತದೆ. ಮೊದಲ ಗಾಳಿಗೇ ನಿನ್ನ ಡೇರೆ ಲೋಹಾರಾ ಕಡೆ ಹೊರಡುತ್ತದೆ, ನೀವು ಹತ್ತೂ ಜನ ಹಿಂದಿನಿಂದ ಓಡಿ.

ಈ ಯಾವುದನ್ನೂ ನಿನ್ನ ಭಾಲ್ಕಿ ಸೊಸೆ ನೋಡಿರಲಾರಳು. ಭಾಲ್ಕಿಯಲ್ಲಿ ಮರಾಠಿ ಶಾಲೆಗೆ ಹೋಗಿ, ಬಿ.ಎಡ್. ಮಾಡಿ, ಮೊಬೈಲಿನಲ್ಲಿ ಬಣ್ಣ ನೋಡಿ ಆರಿಸುವ ಜಾತಿ ಅದು. ಅಂಬಲಿಯನ್ನೂ ಮಿಕ್ಸರಿನಲ್ಲಿ ತಿರುವುತ್ತಾಳೆಂದು ಸ್ವಪ್ನಾಲಿ ಹೇಳಿದಳು. ಥೂ!

ಬಾಗಿಲು ಎಳೆದುಕೊಂಡರೆ ಒಳಗಿನದು ಕಾಣುವುದಿಲ್ಲ ಎಂದು ಬರೆಸಿದ್ದೀಯ. ಎಳ್ಳಮಾಸಿ ದಿನ ಮುಚ್ಚಿಕೊಂಡು ಮಾಡುವಂಥದ್ದು ಏನಿದೆ?

ಈಗ ನಾನು ಕೇಳುವುದು. ಈ ಸಲ ಹೊಲ ಸುತ್ತಿ ಪಾಂಡವರಿಗೆ ಒಯ್ಯುವ ಅಂಬಲಿ ಗಡಿಗೆ ಯಾರ ತಲೆಯ ಮೇಲೆ? ಅವ್ವ ತೀರಿದ ವರ್ಷ, ಅವ್ವ ಹೊರುತ್ತಿದ್ದ ಗಡಿಗೆ ಹೊರಲು ನಾನು ಸಿಂಬೆ ಕಟ್ಟಿಕೊಂಡು ನಿಂತಿದ್ದೆ. ಅವ್ವನೇ ಹಾಸಿಗೆಯಲ್ಲಿ, "ಕಲ್ಲೂ, ನನ್ನ ಹಿಂದ ನೀ ಹೊರಬೇಕು" ಅಂದದ್ದು ನಿನ್ನ ಎದುರಿಗೇ. ನನ್ನ ಯಜಮಾನರು ಹೋಗಿ ನಾಲ್ಕು ತಿಂಗಳಾಗಿತ್ತು. ನೀನು ಬಂದು ಗಡಿಗೆ ಎತ್ತಿ ಶಕುಂತಲಾ ತಲೆಯ ಮೇಲಿಟ್ಟೆ. "ಮುತ್ತೈದಿ ಹೊರಬೇಕಕ್ಕಾ, ಮಂದಿ ನೋಡ್ಲಿಕತ್ತಾರ" ಅಂದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನೀನು, ವಿಧವೆ ಎಂಬ ಲೆಕ್ಕ ನಮ್ಮಲ್ಲಿಲ್ಲ ಎಂದು ಮಠದಲ್ಲಿ ಎಲ್ಲರಿಗಿಂತ ಜೋರಾಗಿ ಹೇಳುವವನು. ಈಗ ನಿನ್ನ ಹೆಂಡತಿಯೂ ಹೋದಳು. ನಿನ್ನ ಕೈಯಿಂದ ಯಾರಾದರೂ ಏನಾದರೂ ಕಸಿದರೇ?

ಇದಕ್ಕೆ ಉತ್ತರ ಬರಲಿ. ಡೇರೆ ಆಮೇಲೆ.

ಕಲ್ಯಾಣಮ್ಮ


ಉಮರ್ಗಾ
೨೯ ನವೆಂಬರ್ ೨೦೨೪

ಕಲ್ಯಾಣಮ್ಮ ಅತ್ತೆಯವರಿಗೆ,

ನಿಮ್ಮ ಗುಮಾಸ್ತ ನಾನೇ. ಭಾಲ್ಕಿಯ ಶಿವಾನಿ. ಹತ್ತನೆಯವರೆಗೆ ಕನ್ನಡ ಶಾಲೆ, ಅದೂ ಮೊದಲ ನಂಬರು. ಭಾಲ್ಕಿಯವರೆಲ್ಲ ಮರಾಠಿ ಓದುತ್ತಾರೆಂದು ನಿಮಗೆ ಹೇಳಿದ ಪುಣ್ಯಾತ್ಮರಿಗೆ ನನ್ನ ನಮಸ್ಕಾರ.

ಮಾವನವರಿಗೆ ನಿಮ್ಮ ಎರಡೂ ಕಾಗದ ಓದಿ ಹೇಳಿದವಳು ನಾನು. ಒಂದಕ್ಷರ ಬಿಟ್ಟಿಲ್ಲ. ನನ್ನ ಕನ್ನಡಕ, ನನ್ನ ಮುಖ, ನನ್ನ ಜಾತಿ, ನನ್ನ ಮಿಕ್ಸರು, ಕೊನೆಯ ಥೂ, ಎಲ್ಲವನ್ನೂ ನನ್ನ ಬಾಯಿಂದಲೇ ಓದಿದ್ದೇನೆ. ಮಾವ ಮೊದಲು ಕೆಮ್ಮಿದರು, ಆಮೇಲೆ "ಅದು ಬಿಡವಾ, ಮುಂದಿಂದು ಓದು" ಅಂದರು. ನಾನು ಬಿಡಲಿಲ್ಲ. ಬೈಸಿಕೊಳ್ಳುವವಳು ಪೂರ್ತಿ ಬೈಸಿಕೊಳ್ಳಬೇಕು. ಈ ಕಾಗದ ಮಾತ್ರ ಅವರಿಗೆ ಗೊತ್ತಿಲ್ಲ.

ನೀವೊಬ್ಬರೇ ಡೇರೆಯಲ್ಲಿ ಮಲಗಿದವರೆಂದು ಬೀಗಬೇಡಿ. ನಾನು ಸೋಲಾಪುರದಲ್ಲಿ ಮೂರು ಅಂಗಡಿ ಸುತ್ತಿದ್ದೇನೆ. ಹೊಲಿದ ನೆಲ ಬೇಡ ಎಂದು ಮೊದಲ ದಿನವೇ ಹೇಳಿದ್ದೆ. ನೆಲವಿಲ್ಲದ್ದು, ಕಬ್ಬಿಣದ ಕಾಲಿನದು, ಏಳಡಿ ಎತ್ತರದ್ದು ಸಿಗುತ್ತದೆ. ಗೂಟಕ್ಕೆ ಔರಾದ ಶಹಾಜನಿಯ ಕಮ್ಮಾರನ ಹತ್ತಿರ ಎರಡಡಿಯ ಸರಳು ಮಾಡಿಸಲು ಹಾಕಿದ್ದೇನೆ, ತುದಿಗೆ ಕೊಕ್ಕೆ ಸಹಿತ. ಕಪ್ಪು ನೆಲ ಭಾಲ್ಕಿಯಲ್ಲೂ ಇದೆ ಅತ್ತೆ.

ಒಂದು ನನಗೂ ತಿಳಿಯದ್ದು. ನಾಲ್ಕೂ ಬದಿ ತೆರೆದಿರುವ ಒಂದು ಡೇರೆ ನೋಡಿದ್ದೆ. ಗಾಳಿ ಬರುತ್ತದೆ, ಹೊಲ ಕಾಣುತ್ತದೆ, ಕೊಪಿಯ ಹಾಗೇ ಕೂಡಬಹುದು. ಮಾವ ಮುಟ್ಟಲೂ ಬಿಡಲಿಲ್ಲ. ಗೋಡೆ ಇಲ್ಲದ್ದು ಯಾವುದನ್ನು ತೋರಿಸಿದರೂ "ಇದು ಆಗಂಗಿಲ್ಲ" ಎಂದರು. ಬಟ್ಟೆಯನ್ನು ಬೆರಳಲ್ಲಿ ಹಿಡಿದು, ಬೆಳಕಿಗೆ ಹಿಡಿಸಿ, "ಇದರಾಗಿಂದ ಒಳಗಿಂದು ಕಾಣತದೇನು?" ಎಂದು ನನ್ನನ್ನೇ ಕೇಳುತ್ತಾರೆ.

ಇನ್ನೊಂದು, ಇದನ್ನು ಅವರು ನಿಮಗೆ ಎಂದೂ ಬರೆಸುವುದಿಲ್ಲ. ಕಣ್ಣಿಗೆ ಬಂದಿರುವುದು ಪೊರೆಯ ಮೋತಿಬಿಂದು ಅಲ್ಲ, ನರ ಕೊಲ್ಲುವ ಕಾಚಬಿಂದು. ಎಡಗಣ್ಣು ಹೋಗಿದೆ, ಇನ್ನು ಬರುವುದಿಲ್ಲ. ಬಲಗಣ್ಣಿಗೆ ಜನವರಿ ಇಪ್ಪತ್ತಕ್ಕೆ ಆಪರೇಷನ್ನು. ಉಳಿದರೆ ಉಳಿಯಿತು ಅಂದಿದ್ದಾರೆ ಡಾಕ್ಟರು. ಅಲ್ಲಿಂದ ಹೊರಗೆ ಬಂದ ಮೇಲೆ ಮಾವ ಮೊದಲು ಆಡಿದ ಮಾತು, "ಅದಕ್ಕಿಂತ ಮೊದಲ ಅಕ್ಕನ್ನ ಒಮ್ಮಿ ನೋಡಬೇಕು."

ಗಡಿಗೆಯ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ. ಎರಡು ವರ್ಷದಿಂದ ನನ್ನ ತಲೆಯ ಮೇಲಿದೆ, ನಾನು ಕೇಳಿ ಪಡೆದದ್ದಲ್ಲ. ನಿಮ್ಮನ್ನು ಕಂಡರೆ ನನಗೆ ಅಂಥ ಪ್ರೀತಿಯೂ ಇಲ್ಲ. ಹನ್ನೊಂದು ವರ್ಷ ಮೂತಿ ತಿರುಗಿಸಿ ಕೂತು, ನನ್ನ ಅತ್ತೆಯವರ ಮಣ್ಣಿಗೂ ಬರದವರು ನೀವು. ಆದರೆ ಅವತ್ತು ಗಡಿಗೆ ಕಸಿದದ್ದು ತಪ್ಪು. ಅಷ್ಟನ್ನು ನಾನು ಒಪ್ಪುತ್ತೇನೆ.

ಶಿವಾನಿ ಬಸವೇಶ್ವರ


ಉದಗೀರ
೪ ಡಿಸೆಂಬರ್ ೨೦೨೪

ಶಿವಾನಿ,

ಅಕ್ಷರ ಛಂದ ಎಂದು ಹೊಗಳಿದ್ದನ್ನು ವಾಪಸು ತೆಗೆದುಕೊಳ್ಳಬೇಕು ಅಂದುಕೊಂಡೆ. ಆಗುವುದಿಲ್ಲ. ಛಂದವೇ ಇದೆ. ಬಾಯಿ ಮಾತ್ರ ಭಾರಿ ಉದ್ದ. ನನ್ನ ಅತ್ತೆಯ ಮುಂದೆ ನಾನು ಹೀಗೆ ಬರೆದಿದ್ದರೆ ಕೈ ಮುರಿಯುತ್ತಿದ್ದರು. ಮಿಕ್ಸರಿನ ವಿಷಯದಲ್ಲಿ ನೀನು ಏನೂ ಹೇಳಲಿಲ್ಲ ಎಂಬುದನ್ನು ಗಮನಿಸಿದ್ದೇನೆ.

ಕಣ್ಣಿನ ಸುದ್ದಿ ಓದಿ ಆ ದಿನ ಊಟ ಸೇರಲಿಲ್ಲ. ಚಿಕ್ಕವನಿದ್ದಾಗ ನನ್ನ ಸೆರಗು ಹಿಡಿದೇ ಶಾಲೆಗೆ ಬರುತ್ತಿದ್ದ, ದಾರಿ ಗೊತ್ತಿದ್ದರೂ. ಇದನ್ನು ಅವನಿಗೆ ಓದಬೇಡ.

ಡೇರೆ ಹನ್ನೆರಡು ಜನರದ್ದೇ ತಗೋ. ನೆಲವಿಲ್ಲದ್ದು, ಏಳಡಿಯದ್ದು. ಬಾಗಿಲು ಮೂಡಣಕ್ಕೆ. ನೀಲಿ ಬೇಡ, ಒಳಗೆ ಕೂತವರ ಮುಖ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ಬಿಳಿ ಅಥವಾ ಮಣ್ಣಿನ ಬಣ್ಣದ್ದು ನೋಡು. ಸರಳು ಮಾಡಿಸಿದ್ದು ಒಳ್ಳೆಯದಾಯಿತು. ಇಷ್ಟು ಬುದ್ಧಿ ಇದ್ದವಳು ಆ ಮನೆಗೆ ಹೇಗೆ ಬಂದಿಯೋ.

ಇನ್ನು ಮುಂದಿನದನ್ನು ಅವನಿಗೆ ಗಟ್ಟಿಯಾಗಿ ಓದು.

ವೈಜೂ, ನಾನು ಬರುತ್ತೇನೆ. ಒಂದೇ ಮಾತು. ಅವತ್ತು ಎಲ್ಲರೆದುರು ನನ್ನ ಕೈಯಿಂದ ತೆಗೆದದ್ದನ್ನು ಎಲ್ಲರೆದುರೇ ಕೊಡಬೇಕು. "ಅಕ್ಕಾ, ಗಡಿಗಿ ನೀ ಹೊರು" ಎಂದು ಹೊಲದ ಬದುವಿನ ಮೇಲೆ ನಿಂತು ಹೇಳು. ನಾಲ್ಕೇ ಮಾತು. ಹೇಳುತ್ತೀಯೋ ಇಲ್ಲವೋ ಬರೆಸು.

ಕಲ್ಯಾಣಮ್ಮ


ಉಮರ್ಗಾ
೧೩ ಡಿಸೆಂಬರ್ ೨೦೨೪

ಅಕ್ಕನಿಗೆ ವೈಜನಾಥನ ಶರಣಾರ್ಥಿ.

ನೀನು ಬರುತ್ತೇನೆ ಎಂದದ್ದು ಕೇಳಿ ನನ್ನ ಅರ್ಧ ಕಾಯಿಲೆ ಹೋಯಿತು. ಹನ್ನೆರಡು ಜನರ ಡೇರೆ ನಿನ್ನೆ ಬಂತು. ನೀನು ಹೇಳಿದಂತೆ ಮಣ್ಣಿನ ಬಣ್ಣ.

ಗಡಿಗೆ ನಿನಗೇ ಸಲ್ಲಬೇಕು. ಆ ತಪ್ಪು ನನ್ನದು, ಒಪ್ಪಿದೆ. ನಿನಗೆ ಒಂದು ಮನಸ್ಸಿನ ಮಾತು ಹೇಳುತ್ತೇನೆ. ನಾನು ಈ ಡೇರೆಗೆ ಒಪ್ಪಿದ್ದೇ ಅದಕ್ಕಾಗಿ. ಕೊಪಿ ತೆರೆದೇ ಇರುತ್ತದೆ, ಸುತ್ತಲಿನ ಹೊಲದವರಿಗೆಲ್ಲ ಕಾಣುತ್ತದೆ. ಡೇರೆಯ ಬಟ್ಟೆ ದಪ್ಪ, ನಾನು ಬೆಳಕಿಗೆ ಹಿಡಿಸಿ ನೋಡಿದ್ದೇನೆ. ಹೊರಗೆ ಬದುವಿನಿಂದ ಡೇರೆವರೆಗೆ ಪದ್ಧತಿಯಂತೆ ಶಿವಾನಿ ಹೊರಲಿ. ಒಳಗೆ ಬಂದ ಮೇಲೆ ಜಿಪ್ ಎಳೆದುಕೊಳ್ಳೋಣ. ಆಗ ನೀನು ಗಡಿಗೆ ಹೊತ್ತು ಪಾಂಡವರಿಗೆ ಐದು ಸುತ್ತು ಹಾಕು. ಹನ್ನೆರಡು ಜನರದ್ದು, ಜಾಗ ಬೇಕಾದಷ್ಟಿದೆ. ಅವ್ವನ ಮಾತೂ ನಡೆಯಿತು, ಮಂದಿಯ ಬಾಯಿಗೂ ಬೀಳಲಿಲ್ಲ. ಅಂಗಡಿ ನಡೆಸುವವನು ನಾನು, ನಾಲ್ಕು ಜನರ ನಡುವೆ ಇರಬೇಕು. ನೀನು ತಿಳಿದವಳು.

ನಿನ್ನ ತಮ್ಮ
ವೈಜನಾಥ

ಅತ್ತೆ, ಇದನ್ನು ಅವರು ಹೇಳಿದಂತೆಯೇ ಬರೆದುಕೊಟ್ಟೆ. ಜಿಪ್ಪಿನ ಸಾಲಿಗೆ ಪೆನ್ನು ಕೆಳಗಿಟ್ಟೆ. "ಯಾಕವಾ, ಶಾಯಿ ಮುಗೀತೇನು?" ಎಂದು ಕೇಳಿದರು. ಮತ್ತೆ ಎತ್ತಿಕೊಂಡು ಬರೆದೆ. ಶಿವಾನಿ.


ಉದಗೀರ
೧೭ ಡಿಸೆಂಬರ್ ೨೦೨೪

ವೈಜನಾಥ,

ಒಬ್ಬ ವಿಧವೆಯನ್ನು ಮುಚ್ಚಿಡಲು ಹನ್ನೆರಡು ಜನರ ಡೇರೆ. ಅದನ್ನು ಆರಿಸಲು ನನ್ನನ್ನೇ ಲಾತೂರಿಗೆ ಅಲೆಸಿದೆ. ನಾನೇ ಅದರಲ್ಲಿ ಮಲಗಿ ಅಳತೆ ಕೊಟ್ಟೆ. ಶಹಬ್ಬಾಸ್!

ನಿನ್ನ ಹೇಡಿತನ ನನಗೆ ಗೊತ್ತಿತ್ತು. ಅದಕ್ಕೆ ಇಷ್ಟು ತಯಾರಿ ಮಾಡುತ್ತೀ ಎಂದು ಗೊತ್ತಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿಸಿದೆಯಂತೆ! ಒಂದು ಕಣ್ಣು ಹೋಗಿ ಇನ್ನೊಂದು ಹೋಗುವ ಹೊತ್ತಿನಲ್ಲಿ ಆ ಉಳಿದ ಬೆಳಕನ್ನು ನೀನು ಬಳಸಿದ್ದು ಇದಕ್ಕೆ. ನಿನ್ನ ಹೆಂಡತಿ ಸತ್ತ ಮೇಲೆ ನಿನ್ನನ್ನು ಯಾವ ಜಿಪ್ಪಿನ ಹಿಂದೆ ಕೂಡಿಸಿದರು? ಮದುವೆ ಮುಂಜಿಗೆಲ್ಲ ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕೂಡುತ್ತೀಯಂತೆ.

ಕಳ್ಳತನದಿಂದ ಹೊರಲು ಅದು ಕದ್ದ ಗಡಿಗೆ ಅಲ್ಲ. ನಾನು ಬರುವುದಿಲ್ಲ.

ಕಲ್ಯಾಣಮ್ಮ


ಉಮರ್ಗಾ
೨೨ ಡಿಸೆಂಬರ್ ೨೦೨೪

ಅತ್ತೆಯವರಿಗೆ,

ನಿಮ್ಮ ಕಾಗದ ಓದಿದೆ. ಮಾವ ಎದ್ದು ಅಂಗಡಿಗೆ ಹೋದರು, ಇವತ್ತು ಭಾನುವಾರ, ಅಂಗಡಿಗೆ ರಜೆ.

ಡೇರೆ ಆರಿಸಿದವಳು ನಾನು. ಅವರಿಗೆ ತಿಳಿಯದ್ದು ನನಗೆ ತಿಳಿದಿದೆ. ಇದರ ಗೋಡೆಗಳನ್ನು ಕೊಕ್ಕೆಯಿಂದ ಬಿಚ್ಚಬಹುದು, ಮೇಲಿನ ಚಾವಣಿ ಮತ್ತು ಕಬ್ಬಿಣದ ಕಾಲುಗಳು ಮಾತ್ರ ಉಳಿಯುತ್ತವೆ. ಗೋಡೆಯ ಗಂಟನ್ನು ನಾನು ಟೆಂಪೋಗೆ ಹಾಕುವುದಿಲ್ಲ, ಇಲ್ಲೇ ಮಾಳಿಗೆಯ ಮೇಲೆ ಬಿಟ್ಟು ಬರುತ್ತೇನೆ. ಬಸವೇಶ್ವರನಿಗೆ ಹೇಳಿದ್ದೇನೆ. ಅವನು ಅಪ್ಪನಿಗೆ ಹೆದರುತ್ತಾನೆ, ನನಗೆ ಇನ್ನೂ ಹೆಚ್ಚು ಹೆದರುತ್ತಾನೆ.

ಬನ್ನಿ ಎಂದು ಕೈಮುಗಿಯುವುದಿಲ್ಲ. ಬರುವುದು ಬಿಡುವುದು ನಿಮಗೆ ಸೇರಿದ್ದು. ಅಂಬಲಿಯನ್ನು ಈ ಸಲ ಕೈಯಲ್ಲೇ ಕಡೆಯುತ್ತೇನೆ, ನಿಮಗಾಗಿ ಅಲ್ಲ, ಮಿಕ್ಸರು ಕೆಟ್ಟಿದೆ.

ಶಿವಾನಿ


ಉದಗೀರ
೨ ಜನವರಿ ೨೦೨೫

ವೈಜನಾಥ,

ಶಿವಾನಿ ಓದುತ್ತಾಳೆ, ನೀನು ಕೇಳು. ನಡುವೆ ಎದ್ದು ಹೋಗಬೇಡ.

ಬರುವುದಿಲ್ಲ ಎಂದವಳು ಬಂದೆ. ನಿನಗೋಸ್ಕರ ಬಂದೆ ಎಂದು ಹಿಗ್ಗಬೇಡ. ಗೋಡೆಯಿಲ್ಲದ ಡೇರೆಯ ಕೆಳಗೆ ನೀನು ಹೇಗೆ ನಿಲ್ಲುತ್ತೀ ಎಂದು ನೋಡಲು ಬಂದೆ. ಕಾಸಾರಶಿರಸಿಯಲ್ಲಿ ಇಳಿದು ನಡೆದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಜನ, ಅಲ್ಲಲ್ಲಿ ಬಡಕಲು ಕೊಪಿ, ಒಂದು ಕಡೆ ಟ್ರ್ಯಾಕ್ಟರಿನ ತಾಡಪತ್ರಿ. ನಮ್ಮ ಡೇರೆ ದೂರದಿಂದಲೇ ಕಂಡಿತು. ಒಂದು ಮೂಲೆಯ ಸರಳು ಸೊಟ್ಟ ಹೊಡೆದಿದ್ದರು, ಬಸವೇಶ್ವರನ ಕೈಲಿ ಕಿತ್ತು ಮತ್ತೆ ಹೊಡೆಸಿದೆ. ಅಷ್ಟು ಬಿಟ್ಟರೆ ಡೇರೆ ಚೆನ್ನಾಗಿಯೇ ಇತ್ತು. ನಾಲ್ಕೂ ಕಡೆಯಿಂದ ಗಾಳಿ ಬರುತ್ತಿತ್ತು.

ನೀನು ಡೇರೆಯ ಕಾಲು ಹಿಡಿದು ನಿಂತಿದ್ದೆ. ಶಿವಾನಿ ಬದುವಿನವರೆಗೆ ಗಡಿಗೆ ಹೊತ್ತು ಬಂದು, ನನ್ನ ಕಾಲ ಬಳಿ ಇಳಿಸಿ, "ಅತ್ತಿ, ಎತ್ಕೋರಿ. ನಾ ಇವತ್ತ ಹೊರಂಗಿಲ್ಲ" ಅಂದಳು. ಪ್ರಾಜಕ್ತಾ ಬಾಯಿ ಮುಚ್ಚಿಕೊಂಡಳು. ರಂಭಾಬಾಯಿ ನಿನ್ನ ಮುಖ ನೋಡಿದಳು. ಎಲ್ಲರೂ ನಿನ್ನ ಮುಖವನ್ನೇ ನೋಡಿದರು. ನಾ ಕೇಳಿದ್ದು ನಾಲ್ಕು ಮಾತು. ನೀನು ಏನಂದೆ? "ಒಳಗ ನಡಿ ಅಕ್ಕಾ, ಮೊದಲ ಒಳಗ ಹೋಗಿ ಕೂಡೂನು." ಯಾವ ಒಳಗೆ? ಗೋಡೆಯೇ ಇರಲಿಲ್ಲ.

ನಿನ್ನ ಅಪ್ಪಣೆಗೆ ಕಾಯದೆ ನಾನೇ ಎತ್ತಿಕೊಂಡೆ. ಹೊಲದ ನಾಲ್ಕೂ ಬದು ಸುತ್ತಿದೆ. ತೊಗರಿ ಸಾಲಿನ ಹತ್ತಿರ ಕಾಲು ಒಂದು ಬಿರುಕಿಗೆ ಇಳಿಯಿತು, ಗಡಿಗೆ ವಾಲಿ ಅಂಬಲಿ ತಲೆಯ ಮೇಲೆ, ಹೆಗಲ ಮೇಲೆ ಚೆಲ್ಲಿತು. ಹುಳಿ ವಾಸನೆ ಅವ್ವನ ಸೀರೆಯದೇ. ಅಲ್ಲಿ ಅತ್ತುಬಿಟ್ಟೆ. ಶಿವಾನಿ ಹಿಂದಿನಿಂದ ಬಂದು ಗಡಿಗೆಗೆ ಕೈ ಕೊಟ್ಟಳು. ಆ ಹುಡುಗಿಗೆ ಎಲ್ಲಿ ಬಾಯಿ ಮುಚ್ಚಬೇಕೆಂದು ಗೊತ್ತಿದೆ.

ಪಾಂಡವರ ಮುಂದೆ ಗಡಿಗೆ ಇಳಿಸಿದ ಮೇಲೆ ಪಕ್ಕದ ಹೊಲದ ಹೆಂಗಸರು ಬಂದರಲ್ಲ, ಐದಾರು ಜನ, ನೀನು ಹನ್ನೊಂದು ವರ್ಷ ಹೆದರಿಕೊಂಡ ಮಂದಿ ಅವರೇ. ನನ್ನ ಕೈಯಿಂದಲೇ ಅಂಬಲಿ ಕುಡಿದರು. "ಈ ವರ್ಷ ಅಂಬಲಿ ಯಾರು ಮಾಡ್ಯಾರ್ರಿ? ಛಂದ ಆಗ್ಯದ. ಇನ್ನೊಂದೀಟು ಹಾಕ್ರಿ" ಅಂದಳು ಒಬ್ಬಳು. ಇನ್ನೊಬ್ಬಳು, ನನ್ನಷ್ಟೇ ವಯಸ್ಸು, ನನ್ನ ಹಾಗೇ ಬೋಳು ಹಣೆ, "ಅಕ್ಕಾ, ಇಷ್ಟು ದೂರ ಹೊತ್ತಿರಿ, ಮೊಣಕಾಲು ನೋಯಲಿಲ್ಲೇನು?" ಎಂದು ಕೇಳಿದಳು. ಮಂದಿ ಕೇಳಿದ್ದು ಅಷ್ಟೇ. ಇಷ್ಟಕ್ಕೆ ನೀನು ನನ್ನನ್ನು ಹನ್ನೊಂದು ಎಳ್ಳಮಾಸಿ ಹೊರಗಿಟ್ಟೆ.

ಆಗ ತಿರುಗಿ ನಿನ್ನನ್ನು ನೋಡಿದೆ. ತಲೆ ತಗ್ಗಿಸಿ ನಿಂತಿದ್ದೆ. ಸುತ್ತು ಶುರುವಾದಾಗಿನಿಂದ ಹಾಗೇ ನಿಂತಿದ್ದೆಯಂತೆ. "ಮಾವ ಒಮ್ಮೆರೆ ನೋಡ್ಯಾರೇನವಾ?" ಎಂದು ಶಿವಾನಿಯನ್ನು ಕೇಳಿದೆ. "ಇಲ್ಲತ್ತಿ" ಅಂದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಇಪ್ಪತ್ತನೇ ತಾರೀಖು ಆಪರೇಷನ್ನು. ಆ ಕಣ್ಣು ಇರುವುದರೊಳಗೆ ಅಕ್ಕನನ್ನು ಒಮ್ಮೆ ನೋಡಬೇಕೆಂದು ಕರೆಸಿದವನು ನೀನು. ನಾನು ಬಂದೆ. ಅವ್ವನ ಗಡಿಗೆ ಹೊತ್ತು ನಿನ್ನ ಕಣ್ಣ ಮುಂದೆಯೇ ಇಡೀ ಹೊಲ ಸುತ್ತಿದೆ. ನೀನು ನಿನ್ನ ಚಪ್ಪಲಿ ನೋಡಿಕೊಂಡು ನಿಂತೆ.

ಕಲ್ಯಾಣಮ್ಮ